ಶಹ ಬಿದ್ದಾಗ

ಭರಮಪ್ಪನ ಸುದ್ದಿ ಎತ್ತಿದರೆ ನನಗೆ ಮೊದಲು ಬರುವುದು ಸಿಟ್ಟು, ಉಳಿದದ್ದೆಲ್ಲ ಆಮೇಲೆ. ಅವನು ನನ್ನ ತಂಗಿ ಸಾವಕ್ಕನ ಗಂಡ. ಯಮನೂರಿನ ಬಾಜೂಕಿರುವ ನಮ್ಮ ಊರಿಗೆ ಅವನದೊಂದೇ ಹಿಟ್ಟಿನ ಗಿರಣಿ. ನಾನು ಸೊಸೈಟಿಯಲ್ಲಿ ಗುಮಾಸ್ತ. ಸಂಜೆ ಬಾಗಿಲು ಹಾಕಿದರೆ ನನ್ನ ಕಾಲು ತಾನಾಗಿ ಗಿರಣಿಯ ಕಟ್ಟೆಗೆ ಹೋಗುತ್ತಿತ್ತು, ಹಿಟ್ಟು ಬೀಸಿಸಲಿಕ್ಕಲ್ಲ. ಆ ಕಟ್ಟೆಯ ಹಾಸುಗಲ್ಲಿನ ಮೇಲೆ ಭರಮಪ್ಪ ಚದುರಂಗದ ಮನೆಗಳನ್ನು ಕೆತ್ತಿದ್ದ. ಗಿರಣಿಯ ಕಲ್ಲು ಕಟೆಯುವ ಚಾಣದಿಂದಲೇ ಅದನ್ನೂ ಕೆತ್ತಿದ್ದ.

ಮಾತಿನ ಮನುಷ್ಯನಲ್ಲ. ರೆಪ್ಪೆಯ ತನಕ ಹಿಟ್ಟು ಮೆತ್ತಿಕೊಂಡು ಇಡೀ ದಿನ ಎಂಜಿನ್ನಿನ ಮುಂದೆ ನಿಂತಿರುತ್ತಿದ್ದ. ಯಾರಾದರೂ ಎರಡು ಸಲ ಕೂಗಿದರೆ ಒಂದು ಸಲ ತಿರುಗಿ ನೋಡುವ ಜಾತಿ. ಅದೇ ಮನುಷ್ಯ ಹಾಸುಗಲ್ಲಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತನೋ, ಅವನ ಬಾಯಿಗೆ ಹಿಡಿತವಿರುತ್ತಿರಲಿಲ್ಲ. ಎದುರಿಗೆ ಕೂತವನ ಆನೆ, ಕುದುರೆ, ಒಂಟೆಗಳಿಗೆಲ್ಲ ಹೆಸರಿಟ್ಟು ಗೇಲಿ ಮಾಡುವನು. ಸೋತವನೂ ನಗುತ್ತಲೇ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಹೋಗುತ್ತಿದ್ದ. ಸುತ್ತಲಿನ ಹಳ್ಳಿಗಳಲ್ಲಿ ಅವನನ್ನು ಸೋಲಿಸಿದವರು ಯಾರೂ ಇರಲಿಲ್ಲ.

ಅವನ ಆಟದ ಗುಟ್ಟು ಅರ್ಥವಾಗಬೇಕಾದರೆ ನಮ್ಮ ಕಡೆಯ ಚದುರಂಗದ ಒಂದು ಕಾಯ್ದೆ ಹೇಳಬೇಕು. ನಮ್ಮಲ್ಲಿ ರಾಜನಿಗೆ ಆಟದಲ್ಲಿ ಒಂದೇ ಒಂದು ಸಲ ಕುದುರೆಯ ಹಾಗೆ ಜಿಗಿಯುವ ಹಕ್ಕಿದೆ. ಕಷ್ಟ ಬಂದಾಗ ಜಿಗಿದು ಮೂಲೆ ಸೇರಿಕೊಳ್ಳಬಹುದು. ಆದರೆ ಅದಕ್ಕಿಂತ ಮೊದಲು ಅವನ ಮೇಲೆ ಒಂದು ಸಲ ಶಹ ಬಿತ್ತೆಂದರೆ, ಅಂದರೆ ಎದುರಿನವನು ರಾಜನಿಗೆ ಗುರಿಯಿಟ್ಟು 'ಶಹ' ಎಂದನೆಂದರೆ, ಆ ಹಕ್ಕು ಹೋಯಿತು. ನಡುವೆ ಯಾವುದೋ ಕಾಯಿ ಅಡ್ಡ ಇಟ್ಟು ರಾಜನನ್ನು ಉಳಿಸಿಕೊಂಡರೂ ಹೋಯಿತು. ಅಲ್ಲಿಂದ ಮುಂದೆ ರಾಜ ಅಂಗಳದ ನಡುವೆ ಕಟ್ಟಿಹಾಕಿದ ಟಗರು.

ಭರಮಪ್ಪ ಈ ಕಾಯ್ದೆಯ ಮೇಲೆಯೇ ತನ್ನ ಆಟವನ್ನೆಲ್ಲ ಕಟ್ಟಿದ್ದ. ಬೇರೆಯವರು ವಜೀರನನ್ನು ಮನೆಯೊಳಗೆ ಜೋಪಾನ ಮಾಡಿದರೆ ಇವನು ಎರಡನೆಯ ನಡೆಗೇ ಹೊರಗೆ ತರುತ್ತಿದ್ದ. ಹೇಗಾದರೂ ಮಾಡಿ ಒಂದು ಶಹ ಕೊಡುತ್ತಿದ್ದ. "ಮೊದಲ ರಾಜಾನ ಕಾಲ ಮುರೀಬೇಕು, ಆಮ್ಯಾಲ ಉಳದದ್ದು" ಎನ್ನುವನು. ಆಮೇಲೆ ಅದೇ ವಜೀರನನ್ನು ಎದುರಿನವನ ಬಾಯಿಗೆ ಹಾಕುತ್ತಿದ್ದ. ವಜೀರ ಸಿಕ್ಕ ಖುಷಿಯಲ್ಲಿ ಎದುರಿನವನು ಮೈಮರೆತಿರುವಾಗ ಇವನ ಕುದುರೆ, ಒಂಟೆಗಳು ಓಡಲಾರದ ರಾಜನನ್ನು ಸುತ್ತಿಕೊಂಡು ಮಾತ ಮಾಡಿ ಆಟ ಮುಗಿಸಿಬಿಡುತ್ತಿದ್ದವು. ಇದನ್ನು ಕಲಿಸಿದವನು ಅವನ ಸೋದರಮಾವ ಅಮೋಘಸಿದ್ದಪ್ಪ. ಕುರಿ ಮೇಯಲು ಬಿಟ್ಟು ಗಿಡದ ಬುಡದಲ್ಲಿ ಹರಳು ಇಟ್ಟು ಆಡುತ್ತಿದ್ದ ಮುದುಕ.

ಒಮ್ಮೆ ಪೇಪರಿನಲ್ಲಿ ಒಂದು ಸುದ್ದಿ ಬಂದಿತ್ತು. ಯಾವುದೋ ದೇಶದ ಗ್ರ್ಯಾಂಡ್‌ಮಾಸ್ಟರ್ ಒಬ್ಬ ಆಟದ ಮೊದಲಿಗೇ ರಾಣಿಯನ್ನು ಮುಂದೆ ತಂದು, ಕೊನೆಗೆ ಅದನ್ನೇ ಬಲಿಕೊಟ್ಟು ಗೆದ್ದನಂತೆ. ನಾನು ಕಟ್ಟೆಯ ಮೇಲೆ ಕೂತು ಜೋರಾಗಿ ಓದಿದೆ. ಭರಮಪ್ಪನ ಮುಖ ಹಿಗ್ಗಿತು, ಆದರೆ ತಕರಾರು ಬಿಡಲಿಲ್ಲ.

"ರಾಣಿ ಅಲ್ಲ ಮಾವಾ, ವಜೀರ. ರಾಣಿನ ಯಾರರ ಲಡಾಯಕ್ಕ ಕಳಸ್ತಾರೇನು?"

ಒಳಗೆ ಜೋಳ ಹಸನು ಮಾಡುತ್ತಿದ್ದ ಸಾವಕ್ಕ ಅಲ್ಲಿಂದಲೇ ಹೇಳಿದಳು: "ಯಾಕ ಕಳಸೂದಿಲ್ರಿ? ಮನ್ಯಾಗಿನ ರಾಣಿನ ಹತ್ತಿ ಬಿಡಸಾಕ ಹೊಲಕ್ಕ ಕಳಿಸಿ ನೀವಿಲ್ಲಿ ಕಟ್ಟಿ ಮ್ಯಾಲ ಕುಂದ್ರೂದಿಲ್ಲೇನು?"

ಕಟ್ಟೆಯ ಮಂದಿಯೆಲ್ಲ ನಕ್ಕರು. ಅವಳು ನಗಲಿಲ್ಲ. ಅವಳ ಸಿಟ್ಟಿಗೆ ಕಾರಣವಿತ್ತು, ನಾನೇನು ತಂಗಿಯ ಕಡೆ ಹಿಡಿದು ಹೇಳುತ್ತಿಲ್ಲ. ಆಟ ರಂಗಿಗೇರಿದರೆ ಭರಮಪ್ಪನಿಗೆ ಗಿರಣಿ ಇದೆಯೆಂಬುದೇ ಮರೆತುಹೋಗುತ್ತಿತ್ತು. ಕಲ್ಲು ಬಿಸಿಯಾಗಿ ಹಿಟ್ಟು ಕಮರಿದ ವಾಸನೆ ಹೊಡೆಯುತ್ತಿತ್ತು. ಹೆಂಗಸರು ಬೈದು ಬೈದು ಸುಸ್ತಾಗಿದ್ದರು. ಕೊನೆಗೆ ಗೌರಕ್ಕನ ಮನೆಯ ಪ್ರಸಂಗ ನಡೆಯಿತು. ಅವಳ ಮಗಳನ್ನು ನೋಡಲು ಅಣ್ಣಿಗೇರಿಯಿಂದ ಬೀಗರು ಬರುವವರಿದ್ದರು. ಹೋಳಿಗೆಗೆಂದು ಗೋಧಿ ಬೀಸಿಸಲು ಕೊಟ್ಟು ಹೋಗಿದ್ದಳು. ಭರಮಪ್ಪ ಅದಕ್ಕೆ ಮೊದಲು ಯಾರದೋ ಒಣಮೆಣಸಿನಕಾಯಿ ಬೀಸಿದ್ದ. ನಡುವೆ ತೌಡು ಹಾಕಿ ಕಲ್ಲು ಸ್ವಚ್ಛ ಮಾಡಬೇಕು. ಅವನ ಕುದುರೆ ಹೊರಗೆ ಕಟ್ಟೆಯ ಮೇಲೆ ಸಂಕಟದಲ್ಲಿತ್ತು. ಗೋಧಿಯನ್ನು ಹಾಗೇ ಸುರಿದು ಹೊರಗೆ ಓಡಿದ್ದ. ಬೀಗರು ಹೋಳಿಗೆ ಬಾಯಿಗಿಟ್ಟು ಕಣ್ಣೀರು ಸುರಿಸುತ್ತ ಎದ್ದರು.

ಗೌರಕ್ಕ ಬಂದು ಗಿರಣಿಯ ಮುಂದೆ ನಿಂತು ಸಾವಕ್ಕನ ಮೂರು ತಲೆಮಾರು ಎತ್ತಿ ಆಡಿದಳು. ಆಡಿಸಿಕೊಂಡವಳು ಸಾವಕ್ಕ. ಭರಮಪ್ಪ ಎಂಜಿನ್ನಿನ ಹಿಂದೆ ಅಡಗಿದ್ದ.

ಅದೇ ವಾರ ನವಲಗುಂದದಲ್ಲಿ ತರುಣ ಸಂಘದವರು ಚದುರಂಗದ ಪಂದ್ಯ ಇಟ್ಟ ಸುದ್ದಿ ನಾನು ತಂದೆ. ರಷ್ಯಾ, ಅಮೆರಿಕದವರು ಆಡಿದ ಪಂದ್ಯ ಪೇಪರಿನಲ್ಲಿ ಬಂದು ಒಂದೆರಡು ವರ್ಷವಾಗಿತ್ತಷ್ಟೇ. ಆಗ ಎಲ್ಲೆಂದರಲ್ಲಿ ಅದೇ ಹುಚ್ಚು. ಸಾವಕ್ಕ ನನ್ನ ಮಾತು ಮುಗಿಯಲು ಬಿಡಲಿಲ್ಲ. ದೇವರ ಮಾಡದಿಂದ ಭಂಡಾರದ ಅರಿಸಿನವಿದ್ದ ಬಟ್ಟಲು ತಂದು ಗಂಡನ ಮುಂದಿಟ್ಟಳು.

"ಹೋಗ್ರಿ, ಆಡಿ ಬರ್ರಿ. ಗೆದ್ದು ಬಂದ್ರ ಸಾಯೂತನಕ ಆಡ್ರಿ, ನಾ ಬಾಯಿ ತೆಗದ್ರ ಕೇಳ್ರಿ. ಸೋತು ಬಂದ್ರ ಅವತ್ತಿಗೆ ಮುಗೀತು. ಮತ್ತ ಕಾಯಿ ಮುಟ್ಟಂಗಿಲ್ಲ. ಭಂಡಾರ ಮುಟ್ಟಿ ಹೇಳ್ರಿ."

ನಮ್ಮ ಮಂದಿಯಲ್ಲಿ ಬೀರದೇವರ ಭಂಡಾರ ಮುಟ್ಟಿ ಹೇಳಿದ ಮಾತು ಸುಮ್ಮನೆ ಹೋಗುವಂಥದ್ದಲ್ಲ. ನಾನು ಬೇಡವೆಂದು ಕಣ್ಸನ್ನೆ ಮಾಡಿದೆ. ಭರಮಪ್ಪ ನನ್ನ ಕಡೆ ನೋಡಲೂ ಇಲ್ಲ. ಬಟ್ಟಲಿಗೆ ಬೆರಳದ್ದಿ ಅರಿಸಿನ ಹಣೆಗೆ ಹಚ್ಚಿಕೊಂಡ.

"ಸೋತ್ರ ಮುಟ್ಟೂದಿಲ್ಲ" ಎಂದ. ಸೋಲುತ್ತೇನೆಂದು ಅವನಿಗೆ ಕನಸಿನಲ್ಲೂ ಇರಲಿಲ್ಲ. ನನಗೂ ಇರಲಿಲ್ಲ.

ಪಂದ್ಯ ಸಾಲೆಯ ದೊಡ್ಡ ಕೋಣೆಯಲ್ಲಿ. ನೆಲಕ್ಕೆ ನವಲಗುಂದದ್ದೇ ಜಮಖಾನ ಹಾಸಿದ್ದರು. ಧಾರವಾಡದಿಂದ ಬಂದ, ತೀರ್ಪು ಹೇಳುವ ಪಂಚರು ದಪ್ಪ ಕನ್ನಡಕದ ಮಾಸ್ತರು. ಇಲ್ಲಿ ಹೊರದೇಶದ ಕಾಯ್ದೆಯಂತೆ ಆಟ ಎಂದು ಎಲ್ಲರನ್ನೂ ಕೂಡಿಸಿಕೊಂಡು ತಿಳಿಸಿ ಹೇಳಿದರು. ಪ್ಯಾದೆ ಮೊದಲ ಸಲ ಎರಡು ಮನೆ ನಡೆಯಬಹುದು. ರಾಜನಿಗೆ ಕುದುರೆ ಜಿಗಿತ ಇಲ್ಲ. ಅದರ ಬದಲಿಗೆ ಕೋಟೆ ಕಟ್ಟುವುದು: ರಾಜ ಎರಡು ಮನೆ ಸರಿಯುತ್ತಾನೆ, ಆನೆ ಅವನನ್ನು ದಾಟಿ ಬಾಜೂಕ ಬಂದು ಕೂಡುತ್ತದೆ. ಆಮೇಲೆ ಅವರು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. "ರಾಜ ಒಮ್ಮೆ ಕದಲಿದರೆ ಕೋಟೆ ಇಲ್ಲ. ಶಹ ಬಿದ್ದಾಗ ಕೋಟೆ ಕಟ್ಟುವಂತಿಲ್ಲ."

ಭರಮಪ್ಪ ನನ್ನ ಕಡೆ ತಿರುಗಿ ಪಿಸುಗುಟ್ಟಿದ. "ನಮ್ದ ಕಾಯ್ದೆ ಐತಿ ಮಾವಾ. ಜಿಗತದ ಬದಲಿ ಕ್ವಾಟಿ. ಶಹ ಬಿದ್ರ ಹೋತು. ಅಷ್ಟ."

ನಾನು ಹೌದೆಂದೆ. ನೂರು ಮಂದಿ ನಮ್ಮ ಕಡೆಯವರನ್ನು ಕೇಳಿದರೂ ಹೌದೆಂದೇ ಅನ್ನುತ್ತಿದ್ದರು. ಶಹ ಬಿದ್ದಾಗ ಎಂದರೆ ನಮಗೆ ಶಹ ಬಿದ್ದ ಮೇಲೆ. ಹುಟ್ಟಿದಾಗಿನಿಂದ ಆಡಿದ ಕಾಯ್ದೆಯೇ ಕಿವಿಯಲ್ಲಿ ಕೂತಿರುವಾಗ ಬೇರೆ ಅರ್ಥ ಒಳಗೆ ಬರುವುದು ಎಲ್ಲಿಂದ?

ಮೊದಲಿನ ಆಟಗಳು ನೀರು ಕುಡಿದ ಹಾಗೆ ಮುಗಿದವು. ಇವನ ವಜೀರ ಹೊರಗೆ ಬಂದದ್ದೇ ತಡ, ಎದುರಿನವರು ಗಾಬರಿಯಾಗುತ್ತಿದ್ದರು. ಒಬ್ಬ ವಕೀಲರಂತೂ ಹತ್ತು ನಡೆಯೊಳಗೆ ಮಾತ ತಿಂದು, ಇದೆಂಥ ದರೋಡೆ ಆಟವೆಂದು ಗೊಣಗುತ್ತ ಎದ್ದರು. ಕೊನೆಯ ಆಟಕ್ಕೆ ಎದುರಿಗೆ ಬಂದು ಕೂತವನು ಇಮಾಮುದ್ದೀನ. ಮಲಪ್ರಭಾ ಕಾಲುವೆಯ ಕೆಲಸದ ಮೇಲಿದ್ದ ಓವರ್ಸಿಯರ್, ಇನ್ನೂ ಮದುವೆಯಾಗದ ತರುಣ. ಭಾಳ ಸೌಮ್ಯ. ಕೂರುವ ಮೊದಲು ಭರಮಪ್ಪನಿಗೆ ಕೈಮುಗಿದು "ಕಾಕಾ, ನಿಮ್ಮ ಹೆಸರ ಕೇಳೇನ್ರಿ" ಎಂದ.

ಭರಮಪ್ಪನ ಬಿಳಿ ಕಾಯಿ. ಪ್ಯಾದೆ ಸರಿಸಿದ, ವಜೀರನನ್ನು ಅಂಚಿಗೆ ಎಳೆದ, ಒಂದು ಪ್ಯಾದೆ ತಿಂದು ಶಹ ಕೊಟ್ಟ. ಇಮಾಮುದ್ದೀನ ಗಡಿಬಿಡಿ ಮಾಡದೆ ಒಂಟೆಯನ್ನು ಅಡ್ಡ ಇಟ್ಟ. ಭರಮಪ್ಪ ಹಿಂದೆ ಸರಿದು ಕೂತು ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ರಾಜನ ಕಾಲು ಮುರಿಯಿತೆಂದು ಅದರ ಅರ್ಥ. ನನಗೂ ಎದೆ ಹಗುರಾಯಿತು.

ಆಮೇಲೆ ಅವನು ಆಡಿದ ಆಟವನ್ನು ನಾನು ಮತ್ತೆ ನೋಡಿಲ್ಲ. ಕುದುರೆ ಬಂತು, ಒಂಟೆ ಬಂತು, ಎಲ್ಲವೂ ಆ ನಡುಮನೆಯ ರಾಜನ ಕಡೆಗೇ ಮುಖ ಮಾಡಿ ಕೂತವು. ಕಡೆಗೆ ವಜೀರನನ್ನೆತ್ತಿ ಇಮಾಮುದ್ದೀನನ ಕುದುರೆಯನ್ನು ಹೊಡೆದ. ಅದರ ಹಿಂದೆ ಕಾಯುತ್ತಿದ್ದ ಪ್ಯಾದೆ ವಜೀರನನ್ನು ತಿಂದಿತು. ಕೋಣೆಯಲ್ಲಿದ್ದವರು ಹಾ ಎಂದರು. ಕುದುರೆಗೆ ವಜೀರ ಕೊಟ್ಟವನನ್ನು ಹುಚ್ಚನೆನ್ನಬೇಕು. ಭರಮಪ್ಪ ಯಾರ ಕಡೆಯೂ ನೋಡದೆ ತನ್ನ ಕುದುರೆಯನ್ನು ಮುಂದಿಟ್ಟ. ಮುಂದಿನ ನಡೆಗೆ ಇವನ ಒಂಟೆ ಬಂದು ಕೂತರೆ ಮಾತ. ರಾಜ ಇದ್ದಲ್ಲೇ ಇದ್ದರೆ ಉಳಿಯುವ ದಾರಿಯೇ ಇರಲಿಲ್ಲ. ನಾನು ಜಮಖಾನದ ಅಂಚನ್ನು ಮುಷ್ಟಿಯಲ್ಲಿ ಹಿಡಿದಿದ್ದೆ. ಗೆದ್ದೆವೆಂದೇ ಕೂತಿದ್ದೆ.

ಇಮಾಮುದ್ದೀನ ತುಸು ಯೋಚಿಸಿ ರಾಜನನ್ನು ಎರಡು ಮನೆ ಸರಿಸಿದ. ಆನೆಯನ್ನು ದಾಟಿಸಿ ಬಾಜೂಕ ಇಟ್ಟ.

"ತಡೀರಿ ಸಾಹೇಬ್ರ" ಎಂದ ಭರಮಪ್ಪ, ನಗುತ್ತಲೇ. "ನಿಮ್ಮ ರಾಜಾಗ ಆಗಳ ಶಹ ಬಿದ್ದೈತಿ. ಕ್ವಾಟಿ ಕಟ್ಟಂಗಿಲ್ಲ."

ಪಂಚರು ಬಂದರು. "ಈಗ ಶಹ ಎಲ್ಲಿದೆ?" ಎಂದು ಕೇಳಿದರು.

"ಈಗಲ್ರಿ, ಆಗಳ ಬಿದ್ದೈತಿ. ಶಹ ಬಿದ್ದಾಗ ಕಟ್ಟಂಗಿಲ್ಲ ಅಂದ್ರಲ್ರಿ ನೀವ."

"ಹೌದು, ಬಿದ್ದಾಗ."

"ಬಿದ್ದೈತಲ್ರಿ."

"ಬಿದ್ದಾಗ ಅಂದರೆ ಶಹ ಇರುವಾಗ, ಮಾರಾಯರೆ. ಆಗ ಒಂಟೆ ಅಡ್ಡ ಇಟ್ಟು ತಪ್ಪಿಸಿಕೊಂಡಾಯಿತು. ರಾಜ ಕದಲಿಲ್ಲ. ಈಗ ಕಟ್ಟಬಹುದು."

ಭರಮಪ್ಪನ ನಗು ಇದ್ದ ಹಾಗೇ ಇತ್ತು, ಆದರೆ ಬಣ್ಣ ಹೋಗಿತ್ತು. ನಾನು ಸುಮ್ಮನಿರಲಾರದೆ ಎದ್ದೆ. ಬಿದ್ದಾಗ ಅಂದರೇನು, ಬಿದ್ದ ಮೇಲೆ ಅಂದರೇನು, ಒಡೆದು ಹೇಳಬೇಕಿತ್ತು, ಇದೆಂಥ ಕಾಯ್ದೆ ಎಂದು ಒದರಿದೆ. ಪಂಚರು ನನ್ನನ್ನು ಕೂರಲು ಹೇಳಿದರು. ಪಾಪ, ಅವರದೂ ತಪ್ಪಿರಲಿಲ್ಲ. ಯಾರದೂ ತಪ್ಪಿರಲಿಲ್ಲ, ಅದೇ ನನಗೆ ತಡೆಯಲಾಗದ್ದು. ತಪ್ಪು ಮಾಡಿದವನೊಬ್ಬ ಸಿಕ್ಕಿದ್ದರೆ ಅವನ ಕುತ್ತಿಗೆ ಹಿಡಿದಾದರೂ ಸಮಾಧಾನ ಪಡುತ್ತಿದ್ದೆ.

ಆಗ ಇಮಾಮುದ್ದೀನ ತನ್ನ ರಾಜ, ಆನೆಗಳನ್ನು ಮೊದಲಿನ ಜಾಗಕ್ಕೆ ಇಟ್ಟ. ಸತ್ತ ಕಾಯಿಗಳ ಗುಂಪಿನಿಂದ ಬಿಳಿಯ ವಜೀರನನ್ನು ತೆಗೆದು ಭರಮಪ್ಪನ ಮುಂದೆ ಹಿಡಿದ.

"ಕಾಕಾ, ನಿಮಗ ಗೊತ್ತಿರಲಿಲ್ಲ. ತಿಳಿವಳಿಕಿ ತಪ್ಪಿದ್ದಕ್ಕ ಆಟ ಸೋಲೂದು ಬ್ಯಾಡ್ರಿ. ವಜೀರನ ಹಿಂದ ತಗೊಳ್ರಿ, ಅಲ್ಲಿಂದ ಆಡೂಣು."

ನೀವಿಬ್ಬರೂ ಒಪ್ಪಿದರೆ ನನ್ನದೇನೂ ಅಡ್ಡಿಯಿಲ್ಲ ಎಂದರು ಪಂಚರು. ಇಂಥ ಎದುರಾಳಿ ಯಾರಿಗೆ ಸಿಗುತ್ತಾನೆ ಹೇಳಿ. ನಾನು ದೇವರಿಗೆ ಮನಸ್ಸಿನಲ್ಲೇ ಕಾಯಿ ಒಡೆದುಬಿಟ್ಟೆ.

ಭರಮಪ್ಪ ಆ ವಜೀರನ ಕಡೆ ನೋಡಿದ. ಕೈ ಚಾಚಲಿಲ್ಲ.

"ಬ್ಯಾಡ್ರಿ ಸಾಹೇಬ್ರ. ಬಲಿ ಕೊಟ್ಟದ್ದನ್ನ ಹಿಂದ ತಗೊಳ್ಳೂದಿಲ್ಲ. ನೀವ ಕ್ವಾಟಿ ಕಟ್ರಿ."

"ಲೇ ಭರಮಾ, ತಗೋಳೋ" ಎಂದೆ. "ಭಂಡಾರ ಮುಟ್ಟಿ ಬಂದಿ, ನೆನಪೈತಿಲ್ಲೋ? ತಗೋಳೋ ಮಾರಾಯಾ, ಕೈ ಮುಗೀತೀನಿ." ಪಂಚರು ನನ್ನನ್ನು ಹೊರಗೆ ಕಳಿಸುವುದಾಗಿ ಹೇಳಿದರು. ಇಮಾಮುದ್ದೀನ ಇನ್ನೆರಡು ಸಲ ಕೇಳಿದ. ಇವನು ತಲೆ ಎತ್ತಲಿಲ್ಲ. ಕಡೆಗೆ ಆ ತರುಣ ಮುಖ ಸಣ್ಣದು ಮಾಡಿಕೊಂಡು ಮತ್ತೆ ಕೋಟೆ ಕಟ್ಟಿದ. ವಜೀರನಿಲ್ಲದೆ ಭರಮಪ್ಪ ಸಂಜೆಯ ತನಕ ಜಗ್ಗಾಡಿದ. ಒಂದೊಂದೇ ಕಾಯಿ ಹೋಯಿತು. ಮಾತ ಬಿದ್ದಾಗ ಎದ್ದು ಇಮಾಮುದ್ದೀನನ ಬೆನ್ನು ತಟ್ಟಿ ಹೊರಗೆ ಬಂದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಬೈದೆ. ನಿನ್ನ ಸೊಕ್ಕು ಸುಡಲಿ ಎಂದೆ. ಕೊಡುವವನು ಖುಷಿಯಿಂದ ಕೊಡುತ್ತಿದ್ದ, ತಗೊಂಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು ಎಂದೆ. ಮುಂದಿನ ಸೀಟಿನವರು ಹಿಂದೆ ತಿರುಗಿ ನೋಡಿದರು. ಅವನು ಕಿಟಕಿಯ ಹೊರಗೆ ಹತ್ತಿ ಹೊಲ ನೋಡುತ್ತ ಕೂತಿದ್ದ. ಊರು ಹತ್ತಿರ ಬಂದಾಗ ಒಂದೇ ಮಾತು ಹೇಳಿದ.

"ಹಿಂದ ತಗೊಂಡು ಗೆದ್ದಿದ್ರ, ಸಾವಕ್ಕನ ಮುಂದ ಗೆದ್ನಿ ಅಂತ ಹ್ಯಾಂಗ ಹೇಳ್ತಿದ್ನಿ ಮಾವಾ?"

ಆ ಮಾತಿಗೂ ನನಗೆ ಬಂದದ್ದು ಸಿಟ್ಟೇ.

ಬಾಗಿಲಲ್ಲಿ ಕಾಲಿಗೆ ನೀರು ತಂದಿಟ್ಟ ಸಾವಕ್ಕನಿಗೆ ಸೋತೆನೆಂದಷ್ಟೇ ಹೇಳಿ ಕಾಯಿಗಳ ಚೀಲವನ್ನು ಅವಳ ಕೈಗೆ ಕೊಟ್ಟ. ಅವಳು ನನ್ನ ಕಡೆ ನೋಡಿದಳು. ನಾನು ನಡೆದದ್ದನ್ನೆಲ್ಲ ಬಿಡದೆ ಹೇಳಿದೆ. ಚೀಲವನ್ನು ಒಲೆಗೆ ಹಾಕುವಳೆಂದು ನಾನು ಅಂದುಕೊಂಡಿದ್ದೆ. ಅಟ್ಟದ ಮೇಲೆ ಇಟ್ಟಳು.

ಅಲ್ಲಿಂದ ಗಿರಣಿ ಅಗದಿ ಶಿಸ್ತಾಯಿತು. ಹಿಟ್ಟು ಕಮರುವುದು ನಿಂತಿತು. ಮೆಣಸಿನಕಾಯಿಯ ದಿನವೇ ಬೇರೆ, ಗೋಧಿಯ ದಿನವೇ ಬೇರೆ. ಗೌರಕ್ಕನೂ ಹೊಗಳಿದಳು. ಕಟ್ಟೆಯ ಮೇಲೆ ಮಂದಿ ತಮ್ಮ ತಮ್ಮ ಕಾಯಿ ತಂದು ಆಡುತ್ತಿದ್ದರು. ಭರಮಪ್ಪ ಒಳಗೆ ಬೆನ್ನು ಮಾಡಿ ನಿಲ್ಲುತ್ತಿದ್ದ. ಯಾರಾದರೂ ಈ ನಡೆ ಸರಿಯೇನೆಂದು ಕೇಳಿದರೆ ಕೇಳಿಸದವನಂತೆ ಬೆಲ್ಟು ಬಿಗಿ ಮಾಡುತ್ತಿದ್ದ. ಕಾಲುವೆಯ ಕೆಲಸಕ್ಕೆ ಈ ಕಡೆ ಬಂದಾಗ ಇಮಾಮುದ್ದೀನ ಒಮ್ಮೆ ಜೀಪು ನಿಲ್ಲಿಸಿ ಒಳಗೆ ಬಂದ. ಭರಮಪ್ಪ ಅವನಿಗೆ ಚಹಾ ಕುಡಿಸಿದ, ಮಳೆಬೆಳೆ ಮಾತಾಡಿದ, ಕಳಿಸಿಕೊಟ್ಟ. ಹಾಸುಗಲ್ಲಿನ ಕಡೆ ಇಬ್ಬರೂ ನೋಡಲಿಲ್ಲ.

ಭರಮಪ್ಪನ ಮಾತು ಮೊದಲೇ ಕಡಿಮೆ. ಈಗ ಅದೂ ಹೋಯಿತು. ಗೇಲಿಯಿಲ್ಲ, ನಗುವಿಲ್ಲ. ಉಂಡದ್ದು ರೊಟ್ಟಿಯೋ ಅನ್ನವೋ ಕೇಳಿದರೆ ಹೇಳಲಾರ. ಹೀಗೇ ವರ್ಷಗಳು ಹೋದವು. ಸಾವಕ್ಕ ನನ್ನ ಮನೆಗೆ ಬಂದು ಅಳುತ್ತಿದ್ದಳು. "ಅಣ್ಣಾ, ನಾ ಹಿಟ್ಟಿನ ಸಲುವಾಗಿ ಜಗಳ ತಗದಾಕಿ. ಹಿಂಗ ಮೂಕಾಗಿ ಕುಂದ್ರತಾರಂತ ಗೊತ್ತಿದ್ರ ಊರ ಮಂದಿಗೆಲ್ಲ ಖಾರದ ಹೋಳಿಗಿ ತಿನಸ್ತಿದ್ನಿ."

ಕಳೆದ ಸುಗ್ಗಿಯಲ್ಲಿ ಅವಳೇ ಬೀರದೇವರ ಪೂಜಾರಿಯ ಹತ್ತಿರ ಹೋದಳು. ಆಣೆ ಹಾಕಿಸಿದವರೇ ಮನಸ್ಸು ಕೊಟ್ಟು ಕಾಯಿ ಒಡೆಸಿದರೆ ಆಣೆ ಬಿಡುತ್ತದೆಂದು ಪೂಜಾರಿ ಹೇಳಿದ. ಕಾಯಿ ಒಡೆಸಿ, ಹೊಸ ಭಂಡಾರ ತಂದು, ಅಟ್ಟದ ಮೇಲಿನ ಚೀಲ ಇಳಿಸಿಕೊಂಡು ಗಿರಣಿಗೆ ಬಂದಳು. ಮಧ್ಯಾಹ್ನದ ಹೊತ್ತು, ಬೀಸಿಸುವವರು ಯಾರೂ ಇರಲಿಲ್ಲ. ಎಂಜಿನ್ನು ಬಂದಾಗಿತ್ತು. ಭರಮಪ್ಪ ಕಲ್ಲು ಕಟೆದು ಜೋಡಿಸಿ ಚಾಣ ಒರೆಸುತ್ತಿದ್ದ, ನಾನು ಕಟ್ಟೆಯ ಮೇಲಿದ್ದೆ.

"ಬೀರಪ್ಪ ಬಿಟ್ಟಾನ, ನಾನೂ ಬಿಟ್ಟೇನಿ" ಎಂದಳು. "ನನ್ನ ಮಾತ ನಾ ಹಿಂದ ತಗೊಂಡೀನ್ರಿ. ಇನ್ನ ಆಡ್ರಿ. ಅಣ್ಣನೂ ಅದಾನ, ಕುಂದರ್ರಿ."

ಭರಮಪ್ಪ ಚಾಣ ಕೆಳಗಿಟ್ಟ. ಆಡುತ್ತಾನೆಂದೇ ನಾನು ಕಟ್ಟೆಯ ಮೇಲಿನ ಧೂಳು ಒರೆಸತೊಡಗಿದೆ.

"ಬ್ಯಾಡ" ಎಂದ. "ಆ ಓವರ್ಸಿಯರನೂ ಹಿಂದ ತಗೊಳ್ರಿ ಅಂದಿದ್ದ. ಅವನ ಕೈಯಾಗಿಂದ ತಗೊಳಲಾರದ್ದು ನಿನ್ನ ಕೈಯಾಗಿಂದ ಹ್ಯಾಂಗ ತಗೊಳ್ಳಲಿ?"

ಸಾವಕ್ಕ ಚೀಲವನ್ನು ಎದೆಗೆ ಒತ್ತಿಕೊಂಡಳು. ಅವಳು ಕೂಗಾಡಲಿಲ್ಲ. ಅವಳ ಧ್ವನಿ ಅಷ್ಟು ಸಣ್ಣದಾದದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

"ಅಂವಾ ನಿಮ್ಮ ಎದುರ ಕುಂತಾಂವ್ರಿ. ನಾನೂ ನಿಮ್ಮ ಎದುರ ಕುಂತಾಕೇನು? ನಾ ನಿಮ್ಮ ಬಾಜೂಕ ಕುಂತಾಕಿ."

"ಉತ್ತರಾ ಕೊಡೋ ಆಕಿಗೆ" ಎಂದೆ ನಾನು. ಭರಮಪ್ಪ ಎದ್ದು ಹೋಗಿ ಹಿಡಿಕೆ ತಿರುವಿ ಎಂಜಿನ್ ಚಾಲೂ ಮಾಡಿದ, ಬೆಲ್ಟು ಏರಿಸಿದ. ಗಿರಣಿಯ ಬಾಯಿಯಲ್ಲಿ ಒಂದು ಕಾಳೂ ಇರಲಿಲ್ಲ. ಬರೀ ಕಲ್ಲಿಗೆ ಕಲ್ಲು ತಿಕ್ಕತೊಡಗಿತು. ಸಾವಕ್ಕ ಬಾಗಿಲಲ್ಲಿ ನಿಂತು ಮತ್ತೇನೋ ಅಂದಳು. ಆ ಸದ್ದಿನಲ್ಲಿ ನಮಗಿಬ್ಬರಿಗೂ ಕೇಳಿಸಲಿಲ್ಲ.